ಗುಳಿಯೊಳಗಿನ ಹಳದಿ

ಹೊಳೆನರಸೀಪುರದಿಂದ ದಿನಾ ಬಸ್ಸು ಹತ್ತಿ ಹಾಸನದ ಲ್ಯಾಬಿಗೆ ಬರುವವನು ನಾನು. ಕೆಲಸ ಹೆಚ್ಚಾಗಿ ರಕ್ತದ ಪ್ರೋಟೀನು ಅಳೆಯುವ ಎಲೈಸಾ ಕಿಟ್ಟಿನದು. 96 ಗುಳಿಗಳ ಪ್ಲಾಸ್ಟಿಕ್ ತಟ್ಟೆ. ಗುಳಿಯ ತಳಕ್ಕೆ ಮೊದಲೇ ಅಂಟಿಸಿದ ಪ್ರತಿಕಾಯ. ರಕ್ತದ ಸೀರಮ್ ಬಿಟ್ಟರೆ ಇಂಟರ್‌ಲ್ಯೂಕಿನ್-6 ಎಂಬ ಪ್ರೋಟೀನು ಅಲ್ಲಿ ಸಿಕ್ಕಿಕೊಳ್ಳುತ್ತದೆ. ತೊಳೆದು, ಎರಡನೇ ಪ್ರತಿಕಾಯ ಹಾಕಿ, ಮತ್ತೆ ತೊಳೆದು, ಕೊನೆಗೆ ಟಿಎಂಬಿ ಎಂಬ ಬಣ್ಣ ಬರಿಸುವ ದ್ರವ ಬಿಟ್ಟರೆ ಮೆಲ್ಲಗೆ ನೀಲಿ ಏರುತ್ತದೆ. ಆಸಿಡ್ ತಾಕಿದೊಡನೆ ಅರಿಶಿನದ ನೀರಿನ ಹಳದಿ. ಯಂತ್ರ 450 ನ್ಯಾನೋಮೀಟರ್ ಬೆಳಕಿನಲ್ಲಿ ಅದನ್ನು ಓದುತ್ತದೆ. ಲೆಕ್ಕ ಬರುವುದು ಪಿಕೋಗ್ರಾಮಿನಲ್ಲಿ: ಒಂದು ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲು.

2021ರ ಕೋವಿಡ್ ಅಲೆಯಲ್ಲಿ ಅರಕಲಗೂಡು ಕಡೆಯ ಹುಡುಗನೊಬ್ಬ ತಾಯಿಯ ಇಂಟರ್‌ಲ್ಯೂಕಿನ್-6 ರಿಪೋರ್ಟು ಹಿಡಿದು ಕೇಳಿದ, ‘ಅಣ್ಣಾ, ಈ ನಂಬರು ಒಳ್ಳೇದಾ, ಕೆಟ್ಟದ್ದಾ?’

ಏನು ಹೇಳಲಿ? ಈ ಪ್ರೋಟೀನು ಸೋಂಕು ಬಂತೆಂದು ಡಂಗುರ ಸಾರುವ ತಳವಾರ. ಅವನು ಕೂಗದಿದ್ದರೆ ಊರು ಉಳಿಯದು. ಕೂಗು ನಿಲ್ಲದಿದ್ದರೂ ಉಳಿಯದು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಹೋದಾಗೆಲ್ಲ ಕೇಳಿದ ಜೈನರ ಸ್ಯಾದ್ವಾದ ನೆನಪಾಯಿತು. ಪ್ರತಿ ಮಾತಿನ ಮುಂದೂ ‘ಒಂದು ದೃಷ್ಟಿಯಿಂದ’ ಎನ್ನುವ ಸ್ಯಾತ್. ಚಿಕ್ಕಂದಿನಲ್ಲಿ ಅದು ಹಾರಿಕೆಯ ಉತ್ತರ ಅನ್ನಿಸುತ್ತಿತ್ತು. ಈಗ ಹಾಗನ್ನಿಸದು, ತಾನು ನಿಂತ ಜಾಗವನ್ನು ಮೊದಲು ಹೇಳಿಬಿಡುವ ಪ್ರಾಮಾಣಿಕತೆ ಅದು. ನಾವೂ ಒಂದೇ ರಕ್ತದ ಸೀರಮನ್ನು ಎರಡು ಗುಳಿಗೆ ಹಾಕುತ್ತೇವೆ. ಎರಡೂ ಕರಾರುವಾಕ್ಕಾಗಿ ಒಂದೇ ಬಂದದ್ದು ಅಪರೂಪ.

ಆದರೆ ಆ ಹುಡುಗನಿಗೆ ಸ್ಯಾತ್ ಹೇಳಲು ಬಾಯಿ ಬರಲಿಲ್ಲ.

‘ಜಾಸ್ತಿ ಇದೆ. ಬೇಗ ಡಾಕ್ಟರಿಗೆ ತೋರಿಸಪ್ಪಾ’ ಎಂದೆ. ಅವನು ಕಾಗದವನ್ನು ನಾಲ್ಕಾಗಿ ಮಡಚಿ, ಹಾಸನಾಂಬೆಯ ಕುಂಕುಮದ ಪೊಟ್ಟಣವಿದ್ದ ಜೇಬಿಗೇ ಸೇರಿಸಿದ.