ಬಸ್ಸಿನ ಬೋರ್ಡು ಬಂಡೆಗೆ ಹೆಸರಾದದ್ದು

ವೇಲ್ಸ್ ನಾಡಿನ ಲ್ಯಾನ್‌ಬೆರಿಸ್ ಕಣಿವೆಯಲ್ಲಿ ಡಿನಾಸ್ ಕ್ರೊಮ್ಲೆಕ್ ಎಂಬ ದೊಡ್ಡ ಬಂಡೆಯಿದೆ. ಕೆಳಗಿನ ರಸ್ತೆಯಲ್ಲಿ ನಿಂತು ನೋಡಿದರೆ ಯಾರೋ ಅರ್ಧ ಓದಿ ತೆರೆದಿಟ್ಟ ಪುಸ್ತಕದ ಹಾಗೆ ಕಾಣುತ್ತದೆ. 1951ರಲ್ಲಿ ಆ ಪುಸ್ತಕದ ಬಲಪುಟವನ್ನು ಇಬ್ಬರು ಹುಡುಗರು ಮೊದಲ ಬಾರಿಗೆ ಹತ್ತಿದರು. ಹೆಸರು ಜೋ ಬ್ರೌನ್ ಮತ್ತು ಡಾನ್ ವಿಲನ್ಸ್. ಮ್ಯಾಂಚೆಸ್ಟರ್ ಕಡೆಯವರು, ಕೊಳಾಯಿ ಕೆಲಸ ಕಲಿತವರು. ವಾರವೆಲ್ಲ ದುಡಿದು, ಬಿಡುವಾದಾಗ ಬಂಡೆಗೆ ಬರುತ್ತಿದ್ದರು. ಹತ್ತಿದ್ದಾಯಿತು, ಇನ್ನು ದಾರಿಗೊಂದು ಹೆಸರು ಬೇಕು. ಊರಿಗೆ ಮರಳುವಾಗ ಚೆಸ್ಟರ್ ಪಟ್ಟಣದಲ್ಲಿ ಬಸ್ಸೊಂದು ಕಣ್ಣಿಗೆ ಬಿತ್ತು. ಅದರ ಹಣೆಯ ಮೇಲೆ ‘ಸೆಮೆಟರಿ ಗೇಟ್ಸ್’ ಎಂದು ಬರೆದಿತ್ತು. ಸ್ಮಶಾನದ ಬಾಗಿಲು. ಬಸ್ಸು ಹೋಗಿ ನಿಲ್ಲುವ ಜಾಗದ ಹೆಸರು, ಅಷ್ಟೆ. ಅದೇ ಬಂಡೆಯ ದಾರಿಗೂ ಹೆಸರಾಯಿತು.

ಎಪ್ಪತ್ತು ವರ್ಷ ದಾಟಿದರೂ ಹೆಸರು ಉಳಿದಿದೆ. ಬ್ರೌನ್ ಇಲ್ಲ, ವಿಲನ್ಸ್ ಇಲ್ಲ. ಕಾಲಿನ ಕೆಳಗೆ ಪಾತಾಳ ಬಾಯ್ತೆರೆದಿರುವ ಆ ಗೋಡೆಯಲ್ಲಿ ಬೆರಳು ಸಿಕ್ಕಿಸಿ ನಿಂತ ಪ್ರತಿಯೊಬ್ಬರಿಗೂ ಸ್ಮಶಾನದ ಬಾಗಿಲು ಎಂಬ ಮಾತು ಎದೆಗೆ ತಟ್ಟುತ್ತದೆ. ಅದು ಬಂದದ್ದು ಮಾತ್ರ ಬಸ್ಸಿನ ಬೋರ್ಡಿನಿಂದ.

ಬಂಡೆ ಏರುವವರಲ್ಲಿ ಒಂದು ಕಟ್ಟಳೆಯಿದೆ. ಒಂದು ಬಂಡೆಯ ಮೇಲೆ ಒಂದೇ ದಾರಿ ಇರುವುದಿಲ್ಲ. ಈ ಬಿರುಕು ಹಿಡಿದು ಹೋದರೆ ಒಂದು, ಆ ಅಂಚು ಹಿಡಿದರೆ ಇನ್ನೊಂದು. ಯಾವ ದಾರಿಯನ್ನು ಯಾರು ಮೊದಲು ಏರಿದರೋ ಹೆಸರಿಡುವ ಹಕ್ಕು ಸಾಮಾನ್ಯವಾಗಿ ಅವರದು. ಆ ಬಂಡೆಗಳ ಕೈಪಿಡಿಯಲ್ಲಿ ಹೆಸರು, ಕಷ್ಟದ ದರ್ಜೆ, ಇಸವಿ, ಏರಿದವರು ಎಲ್ಲವೂ ದಾಖಲಾಗುತ್ತವೆ. ಬಹುಮಾನವಿಲ್ಲ, ಸಂಬಳವಿಲ್ಲ. ಏರಿದವನು ತನ್ನದೆಂದು ಬಿಟ್ಟುಹೋಗುವುದು ಆ ಒಂದೆರಡು ಪದಗಳನ್ನು ಮಾತ್ರ. ಆದ್ದರಿಂದಲೇ ಈ ಹೆಸರುಗಳನ್ನು ಓದುವುದೆಂದರೆ ನನಗೆ ಪ್ರೀತಿ.

ಮೊದಮೊದಲು ಹೀಗಿರಲಿಲ್ಲ. ಇಂಗ್ಲೆಂಡಿನ ಸರೋವರ ಸೀಮೆಯಲ್ಲಿ 1886ರಲ್ಲಿ ಹ್ಯಾಸ್ಕೆಟ್ ಸ್ಮಿತ್ ಒಬ್ಬನೇ ಏರಿದ ಚೂಪು ಬಂಡೆಯ ಹೆಸರು ನೇಪ್ಸ್ ನೀಡಲ್, ನೇಪ್ಸ್ ಸೂಜಿ. ಕಂಡದ್ದನ್ನು ಕಂಡ ಹಾಗೆ ಹೇಳಿದ ಹೆಸರು. 1903ರಲ್ಲಿ ಫ್ರೆಡ್ ಬಾಟರಿಲ್ ಏರಿದ ಚಪ್ಪಟೆ ಬಂಡೆ ಬಾಟರಿಲನ ಚಪ್ಪಡಿಯಾಯಿತು. ನಮ್ಮೂರುಗಳಲ್ಲಿ ಗೌಡರ ಹೊಲ, ಜೋಡಿ ಬಾವಿ ಎನ್ನುವ ಹಾಗೆ, ಗುರುತಿಗೆ ಬೇಕಾದಷ್ಟೇ ಹೆಸರು.

ಸ್ವಿಟ್ಜರ್ಲೆಂಡಿನ ಐಗರ್ ಶಿಖರದ ಉತ್ತರ ಮುಖದಲ್ಲಿ ಹೆಸರುಗಳ ತೂಕ ಬೇರೆ. ಅಲ್ಲೊಂದು ಜಾಗಕ್ಕೆ ಸಾವಿನ ಬಿಡಾರ ಎಂಬ ಹೆಸರು. 1935ರಲ್ಲಿ ಸೆಡ್ಲ್‌ಮಾಯರ್ ಮತ್ತು ಮೇರಿಂಗರ್ ಎಂಬ ಇಬ್ಬರು ಜರ್ಮನ್ ತರುಣರು ಬಿರುಗಾಳಿಗೆ ಸಿಕ್ಕಿ ತೀರಿಕೊಂಡದ್ದು ಅಲ್ಲಿ. ಅದಕ್ಕಿಂತ ಕೆಳಗೆ ಹಿಂಟರ್‌ಸ್ಟಾಯ್ಸರ್ ಅಡ್ಡಹಾದಿ. ಮರುವರ್ಷ ಆಂಡ್ರಿಯಾಸ್ ಹಿಂಟರ್‌ಸ್ಟಾಯ್ಸರ್ ಹಗ್ಗದ ಬಿಗಿಯ ಮೇಲೆ ಆ ನುಣುಪು ಬಂಡೆಯನ್ನು ಅಡ್ಡಲಾಗಿ ದಾಟಿದ. ಜೊತೆಯ ಮೂವರು ಹಿಂದೆಯೇ ದಾಟಿದರು. ದಾಟಿದ ಮೇಲೆ ಹಗ್ಗವನ್ನು ಎಳೆದುಕೊಂಡುಬಿಟ್ಟರು. ಮೇಲೆ ಒಬ್ಬ ಗಾಯಗೊಂಡು, ಹವಾಮಾನವೂ ಕೆಟ್ಟು ಹಿಂದಿರುಗಬೇಕಾಯಿತು. ಬಂಡೆ ಆಗ ಮಂಜುಗಟ್ಟಿತ್ತು. ಹಗ್ಗವಿಲ್ಲದೆ ದಾಟಲಾಗಲಿಲ್ಲ. ನಾಲ್ವರೂ ಸತ್ತರು. 1938ರಲ್ಲಿ ಆ ಮುಖವನ್ನು ಮೊದಲ ಸಲ ಏರಿದ ಹೆಕ್‌ಮಾಯರ್ ಮತ್ತು ಸಂಗಡಿಗರು ದಾಟಿದ್ದು ಅದೇ ಜಾಗವನ್ನು. ಇಂದು ಅಲ್ಲಿ ಹಗ್ಗ ಕಾಯಂ ಆಗಿ ಕಟ್ಟಿಯೇ ಇರುತ್ತದೆ. ಹಗ್ಗವನ್ನು ಬಿಟ್ಟು ಹೋಗು ಎಂದು ಆ ಹೆಸರು ಏರುವವರಿಗೆಲ್ಲ ಹೇಳುತ್ತಲೇ ಇದೆ.

ಅಮೆರಿಕದ ಯೊಸೆಮಿಟಿ ಕಣಿವೆಗೆ ಬಂದರೆ ಮನಸ್ಸು ಸ್ವಲ್ಪ ಹಗುರಾಗುತ್ತದೆ. ಎಲ್ ಕ್ಯಾಪಿಟನ್ ಎಂಬ ಮಹಾಬಂಡೆಯ ನಡುಮೂಗಿನ ಮೇಲೆ ಹೋಗುವ ದಾರಿಗೆ ‘ನೋಸ್’ ಎಂದೇ ಹೆಸರು. ವಾರನ್ ಹಾರ್ಡಿಂಗ್ ತಂಡ 1957ರಲ್ಲಿ ಅದಕ್ಕೆ ಕೈಹಾಕಿ 1958ರ ನವೆಂಬರಿನಲ್ಲಿ ಮುಗಿಸಿತು. ನಡುವೆ ಒಂದು ಕಡೆ ಬಿರುಕುಗಳು ಅಗಲವಾಗಿದ್ದವು. ಆಗಿನ ಕಾಲದ ಉಕ್ಕಿನ ಗೂಟ ಯಾವುದೂ ಅವಕ್ಕೆ ಬಿಗಿಯಾಗಿ ಕೂರುತ್ತಿರಲಿಲ್ಲ. ಫ್ರಾಂಕ್ ಟಾರ್ವರ್ ಎಂಬಾತ ಬರ್ಕ್ಲಿ ಊರಿನ ಕಸದ ತಿಪ್ಪೆಯಲ್ಲಿ ಎಸೆದಿದ್ದ ಹಳೇ ಒಲೆಗಳ ಕಾಲುಗಳನ್ನು ಹುಡುಕಿ ತಂದ. ಅವನ್ನೇ ಗೂಟ ಮಾಡಿ ಬಿರುಕಿಗೆ ಬಡಿದು ಮೇಲೇರಿದರು. ಇವತ್ತಿಗೂ ಅವು ‘ಸ್ಟೋವ್‌ಲೆಗ್’ ಬಿರುಕುಗಳು, ಒಲೆಗಾಲಿನ ಬಿರುಕುಗಳು. ಯಾವುದೋ ಅಡುಗೆಮನೆಯಲ್ಲಿ ಯಾರದೋ ಅಮ್ಮ ರೊಟ್ಟಿ ಬೇಯಿಸಿದ ಒಲೆ. ಅದರ ಕಾಲು ಮುರಿದು, ತಿಪ್ಪೆ ಸೇರಿ, ಕೊನೆಗೆ ಜಗತ್ತಿನ ಅತಿ ಪ್ರಸಿದ್ಧ ಬಂಡೆಯ ಮೇಲೆ ಹೆಸರಾಗಿ ನಿಂತಿತು. ಇದಕ್ಕಿಂತ ಚೆಂದದ ಹೆಸರನ್ನು ನಾನು ಕಂಡಿಲ್ಲ.

ಜಗಳದ ಹೆಸರುಗಳೂ ಇವೆ. 1989ರಲ್ಲಿ ಬೆನ್ ಮೂನ್ ಎಂಬ ಇಂಗ್ಲಿಷ್ ತರುಣ ಫ್ರಾನ್ಸಿನ ಬ್ಯೂಕ್ಸ್ ಬಂಡೆಯ ಮೇಲೆ ಅತಿ ಕಠಿಣ ದಾರಿಯೊಂದನ್ನು ಏರಿ ‘ಅಜಿನ್‌ಕೋರ್ಟ್’ ಎಂದು ಹೆಸರಿಟ್ಟ. 1415ರಲ್ಲಿ ಇಂಗ್ಲಿಷರು ಫ್ರೆಂಚರನ್ನು ಸೋಲಿಸಿದ ರಣಭೂಮಿಯ ಹೆಸರು ಅದು. 1989ರಲ್ಲೇ ಅವನು ವೊಲ್ಕ್ಸ್ ಎಂಬಲ್ಲಿ ಏರಿದ್ದಕ್ಕೆ ‘ಮ್ಯಾಜಿನೊ ಲೈನ್’, ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸನ್ನು ಕಾಯಲಾಗದ ಕೋಟೆಸಾಲಿನ ಹೆಸರು. ವಯಸ್ಸಿನ ಬಿಸಿ ಅದು. ಫ್ರೆಂಚರು ಹೆಸರನ್ನೂ ಉಳಿಸಿಕೊಂಡರು, ದಾರಿಯನ್ನೂ ಏರಿದರು. ಅದು ಅವರ ದೊಡ್ಡತನ.

ಜರ್ಮನಿಯ ವೋಲ್ಫ್‌ಗಾಂಗ್ ಗ್ಯುಲಿಚ್ 1991ರಲ್ಲಿ ಏರಿದ ‘ಆ್ಯಕ್ಷನ್ ಡಿರೆಕ್ಟ್’ ನನಗೆ ಅಷ್ಟು ಸುಲಭವಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಒಂದೆರಡು ಬೆರಳು ಮಾತ್ರ ತೂರುವ ಕುಳಿಗಳಿಗೆ ನೆಗೆದು ಇಡೀ ದೇಹವನ್ನು ನೇತುಹಾಕಬೇಕಾದ ದಾರಿ. ಬೆರಳಿನ ಸ್ನಾಯುಗಳ ಮೇಲೆ ನಡೆಯುವ ದಾಳಿ ಎಂಬ ಅರ್ಥದಲ್ಲಿ ಫ್ರಾನ್ಸಿನ ಒಂದು ಭಯೋತ್ಪಾದಕ ಗುಂಪಿನ ಹೆಸರಿಟ್ಟ. ಏರಿದ ಸಾಹಸ ಅದ್ಭುತ. ಆದರೆ ಆ ಗುಂಪು ಕೊಂದವರ ಮನೆಯವರು ಈ ಹೆಸರನ್ನು ಹೇಗೆ ಓದಿಯಾರು ಎಂಬುದು ನನ್ನನ್ನು ಕಾಡುತ್ತದೆ.

ಚೆಕ್ ದೇಶದ ಆಡಮ್ ಓಂಡ್ರಾನ ಕಥೆ ಇದಕ್ಕೆ ತದ್ವಿರುದ್ಧ. ಬಂಡೆಯ ಮೇಲೆ ಕೂಗುವವನೆಂದೇ ಅವನಿಗೆ ಹೆಸರು. ಕಷ್ಟದ ಹಿಡಿ ಹಿಡಿಯುವಾಗ ಅರಚುತ್ತಾನೆ, ಗೆದ್ದಾಗ ಕಣಿವೆಗೆಲ್ಲ ಕೇಳುವಂತೆ ಕೂಗುತ್ತಾನೆ. ನಾರ್ವೆಯ ಫ್ಲಾಟಾಂಗರ್ ಗುಹೆಯ ಚಾವಣಿಯಲ್ಲಿ ಅವನು ವರ್ಷಗಟ್ಟಲೆ ಒಂದು ದಾರಿಗಾಗಿ ಹೆಣಗಿದ. 2017ರ ಸೆಪ್ಟೆಂಬರ್ 3ರಂದು ಅದು ಕೈಗೂಡಿತು. ಜಗತ್ತಿನಲ್ಲಿ 9ಸಿ ಎಂಬ ಅತಿ ಕಷ್ಟದ ದರ್ಜೆಯ ಮೊದಲ ಏರಿಕೆ ಅದು. ಕೂಗಬೇಕೆಂದರೆ ದನಿಯೇ ಹೊರಡಲಿಲ್ಲ. ಹಗ್ಗದಲ್ಲಿ ನೇತಾಡುತ್ತಾ ಕಣ್ಣು ತುಂಬಿಕೊಂಡ. ದಾರಿಗೆ ‘ಸೈಲೆನ್ಸ್’ ಎಂದು ಹೆಸರಿಟ್ಟ. ಮೌನ.

ಇಷ್ಟೆಲ್ಲ ಆದ ಮೇಲೆ ಒಂದು ಕಷ್ಟದ ಪ್ರಶ್ನೆ ಉಳಿಯುತ್ತದೆ. ಹೆಸರಿಡುವ ಹಕ್ಕು ನಿಜವಾಗಿ ಯಾರದು? ಫ್ರಾನ್ಸಿನ ಸೆಯೂಸ್ ಬಂಡೆಯ ಮೇಲೆ ಇದೇ ಪ್ರಶ್ನೆ ಎದ್ದಿತ್ತು. 1989ರಲ್ಲಿ ಜಾನ್ ಕ್ರಿಸ್ಟೋಫ್ ಲಫಾಯ್ ಎಂಬ ಆರೋಹಿ ಅಲ್ಲಿ ಒಂದು ಸಾಧ್ಯತೆಯನ್ನು ಕಂಡ. ನುಣುಪಾದ ಗೋಡೆಗೆ ಹಗ್ಗದಲ್ಲಿ ತೂಗಿಕೊಂಡು, ರಂಧ್ರ ಕೊರೆದು, ಹಗ್ಗಕ್ಕೆ ಆಸರೆಯಾಗಿ ಬೋಲ್ಟ್ ಜಡಿದ. ‘ಬಯೋಗ್ರಫಿ’ ಎಂದು ಹೆಸರಿಟ್ಟ, ಜೀವನಚರಿತ್ರೆ. ಆದರೆ ಅವನಿಂದ ಅದನ್ನು ಏರಲಾಗಲಿಲ್ಲ. 1996ರಲ್ಲಿ ಆರ್ನೋ ಪೆಟಿ ಅರ್ಧದವರೆಗೆ ಹೋದ. 2001ರ ಜುಲೈನಲ್ಲಿ ಇಪ್ಪತ್ತು ವರ್ಷದ ಅಮೆರಿಕನ್ ಹುಡುಗ ಕ್ರಿಸ್ ಶರ್ಮಾ ತುದಿ ಮುಟ್ಟಿದ. (ಶರ್ಮಾ ಎಂಬುದು ತಲೆಮಾರುಗಳಿಂದ ಬಂದ ಮನೆತನದ ಹೆಸರಲ್ಲ. ಅವನ ತಂದೆತಾಯಿ ಬಾಬಾ ಹರಿದಾಸರ ಶಿಷ್ಯರು. ಮದುವೆಯಾದಾಗ ಆ ಹೆಸರನ್ನು ಸ್ವೀಕರಿಸಿದವರು. ಮುಂದೆ ಅವನು ನಮ್ಮ ಹಂಪಿಯ ಬಂಡೆಗಳನ್ನೂ ಏರಲು ಬಂದ.) ಮೊದಲು ಏರಿದವನದು ಹೆಸರು ಎಂಬ ಅಮೆರಿಕದ ರೂಢಿಯಂತೆ ಶರ್ಮಾ ಅದನ್ನು ‘ರಿಯಲೈಸೇಶನ್’ ಎಂದು ಕರೆದ. ಬೋಲ್ಟ್ ಜಡಿದವನದು ಹೆಸರು ಎಂಬುದು ಫ್ರಾನ್ಸಿನ ರೂಢಿ. ಎರಡು ಹೆಸರೂ ವರ್ಷಗಟ್ಟಲೆ ಓಡಾಡಿದವು.

ಲಫಾಯ್ ಹಿಮಾಲಯದ ಕಡೆ ಹೋದವನು. 1992ರಲ್ಲಿ ಅನ್ನಪೂರ್ಣಾ ಪರ್ವತದಲ್ಲಿ ಜೊತೆಗಾರ ಬಿದ್ದು ಸತ್ತಾಗ, ಕೈ ಮುರಿದುಕೊಂಡು ಒಬ್ಬನೇ ಇಳಿದು ಬಂದವನು. 2006ರ ಜನವರಿಯಲ್ಲಿ ಮಕಾಲು ಶಿಖರಕ್ಕೆ ಒಂಟಿಯಾಗಿ ಹೊರಟು ಕಾಣೆಯಾದ. ಸೆಯೂಸ್‌ನ ಆ ದಾರಿಯನ್ನು ಇಂದು ಹೆಚ್ಚಿನವರು ಬಯೋಗ್ರಫಿ ಎಂದೇ ಕರೆಯುತ್ತಾರೆ. ಅದೇ ಸರಿ ಎಂಬುದು ನನ್ನ ಅಭಿಪ್ರಾಯ. ದಾರಿ ಇದೆ ಎಂದು ಮೊದಲು ಕಂಡವನ ಮಾತಿಗೆ ಬೆಲೆಯಿರಬೇಕು.

ಆದರೆ ಹೆಸರಿಡುವ ಹಕ್ಕಿಗೆ ಎಲ್ಲೆಯೂ ಬೇಕು. ಅಮೆರಿಕದ ವಯೋಮಿಂಗ್ ಸೀಮೆಯ ಟೆನ್‌ಸ್ಲೀಪ್ ಕಣಿವೆಯಲ್ಲಿ ಒಂದು ಬಂಡೆಗೆ ಗುಲಾಮಗಿರಿಯ ಹೆಸರನ್ನೇ ಇಟ್ಟಿದ್ದರು. 2020ರಲ್ಲಿ ಅದನ್ನು ಬದಲಿಸಿದರು. ಹೆಣ್ಣುಮಕ್ಕಳನ್ನು, ಕಪ್ಪು ಜನರನ್ನು ಹಂಗಿಸುವ ಇನ್ನೆಷ್ಟೋ ಹೆಸರುಗಳ ಮೇಲೂ ಆಗ ಚರ್ಚೆ ನಡೆಯಿತು. ಬದಲಿಸಿದ್ದು ಒಳ್ಳೆಯದಾಯಿತು. ಬಂಡೆ ಏರಲು ಬಂದ ಹುಡುಗಿಗೆ ಕೈಪಿಡಿ ತೆರೆದ ಕೂಡಲೇ ಅವಮಾನ ಕಾದಿರಬಾರದು.

ಹೆಸರಿಡುವ ಹಕ್ಕಿನ ಈ ಮಾತು ನಮಗೂ ದೂರದ್ದಲ್ಲ. ಬಾದಾಮಿ, ರಾಮನಗರ, ಹಂಪಿ, ಸಾವನದುರ್ಗ ಎಲ್ಲ ಕಡೆ ಇಂದು ಬಂಡೆ ಏರುವವರಿದ್ದಾರೆ. ಸಾವನದುರ್ಗದ ಮೇಲೆ ಹೋಗುವ ದಾರಿಗಳಲ್ಲಿ ಒಂದರ ಹೆಸರು ‘ಬೆಳದಿಂಗಳು’, ಇನ್ನೊಂದರದು ‘ದೀಪಾವಳಿ’. ಕೇಳಿದರೆ ಹೊಟ್ಟೆ ತಂಪಾಗುತ್ತದೆ. ಆದರೆ ಏರುವವರು ಬರುವ ಎಷ್ಟೋ ಮೊದಲೇ ಆ ದುರ್ಗದ ಎರಡು ಗುಡ್ಡಗಳನ್ನು ಜನ ಕರಿಗುಡ್ಡ, ಬಿಳಿಗುಡ್ಡ ಎಂದು ಕರೆಯುತ್ತಿದ್ದರು. ಹಂಪಿಯ ದಾರಿಯಲ್ಲಿ ಒಂದಕ್ಕೊಂದು ಒರಗಿದ ಬಂಡೆಗಳಿಗೆ ಅಕ್ಕ-ತಂಗಿಯರ ಗುಡ್ಡ ಎಂಬ ಹೆಸರು ಬಿದ್ದಿತ್ತು. ಚಿತ್ರದುರ್ಗದ ಕೋಟೆಯಲ್ಲಿ ಒಬ್ಬರಷ್ಟೇ ನುಸುಳಬಹುದಾದ ಬಂಡೆಯ ಸಂದು ಓಬವ್ವನ ಕಿಂಡಿಯಾಗಿ ಇಂದಿಗೂ ಮಕ್ಕಳ ಬಾಯಲ್ಲಿದೆ. ಕುರಿ ಮೇಯಿಸುವವರು, ಸೌದೆಗೆ ಹೋಗುವವರು ಇಟ್ಟ ಇನ್ನೆಷ್ಟೋ ಹೆಸರುಗಳು ಯಾವ ಕೈಪಿಡಿಯಲ್ಲೂ ಇಲ್ಲ. ಅವರ ಜೊತೆಗೇ ಅವು ಹೋಗಿಬಿಡುತ್ತವೆ.

ನಮ್ಮ ಬಂಡೆಗಳ ಮೇಲೆ ಹೊಸ ದಾರಿ ತೆರೆಯುವ ಹುಡುಗ ಹುಡುಗಿಯರಲ್ಲಿ ನನ್ನದೊಂದು ವಿನಂತಿ. ಹಗ್ಗ ಕಟ್ಟುವ ಮುನ್ನ ಕೆಳಗಿನ ಹಳ್ಳಿಗೆ ಹೋಗಿ, ಈ ಬಂಡೆಗೆ ಏನೆನ್ನುತ್ತೀರಿ ಎಂದು ಹಿರಿಯರನ್ನು ಕೇಳಿ. ಅವರು ಹೇಳಿದ ಹೆಸರನ್ನು ನಿಮ್ಮ ಪುಸ್ತಕದ ಮೊದಲ ಸಾಲಿನಲ್ಲಿ ಬರೆಯಿರಿ. ಅದರ ಕೆಳಗೆ ನೀವಿಟ್ಟ ಹೆಸರು ಇರಲಿ.