ಬಾಗಿದ ಬೆನ್ನಿಗೆ ಭೃತ್ಯಾಚಾರ



ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರಗಳೆಂದು ಪಂಚಾಚಾರಗಳನ್ನು ಹಿರಿಯರು ವಿಧಿಸಿದ್ದಾರೆ. ಇವುಗಳಲ್ಲಿ ಭೃತ್ಯಾಚಾರವು ಕಡೆಯದಾದರೂ ಕಿರಿದಲ್ಲ. ಶಿವಭಕ್ತರೇ ಹಿರಿಯರು, ತಾನು ಅವರ ಸೇವಕನೆಂದು ತಿಳಿದು ನಡೆಯುವುದೇ ಅದರ ತಾತ್ಪರ್ಯ. ಮಠಕ್ಕೆ ಬಂದಾಗ ಈ ಭಾವವನ್ನು ತಾಳುವುದು ಸುಲಭ. ಮನೆಯ ಒಳಕೋಣೆಯಲ್ಲಿ ಬೆನ್ನು ಬಾಗಿ ಕುಳಿತ ತಾಯಿಯ ಮುಂದೆ, ದಿನದಿನವೂ, ವರ್ಷಗಟ್ಟಲೆ ಅದನ್ನು ಉಳಿಸಿಕೊಳ್ಳುವುದು ಕಠಿನ. ಆ ಕಠಿನವಾದುದನ್ನೇ ಈ ತಿಂಗಳು ವಿಚಾರಿಸೋಣ.

ಬಯಲುಸೀಮೆಯಿಂದ ಉದ್ಯೋಗನಿಮಿತ್ತ ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಿಗೆ ಬಂದು ನೆಲೆಸಿದ ಭಕ್ತರು, ಊರಿನಲ್ಲಿ ಒಂಟಿಯಾದ ತಾಯಿಯನ್ನು ತಮ್ಮಲ್ಲಿಗೆ ಕರೆತರುವುದುಂಟು. ಆಕೆಯ ಎತ್ತರ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ, ಬೆನ್ನು ಗೂನಾಗುತ್ತದೆ. ‘ವಯಸ್ಸಾಯಿತಲ್ಲವೆ’ ಎಂದು ನಾವು ಸುಮ್ಮನಾಗುತ್ತೇವೆ. ಮಳೆಗಾಲದ ಒಂದು ಬೆಳಗ್ಗೆ ಪಾಚಿಗಟ್ಟಿದ ಅಂಗಳದಲ್ಲಿ ಕಾಲು ಜಾರುತ್ತದೆ. ಕೈಯೂರಿ ಬಿದ್ದರೆ ಮಣಿಕಟ್ಟು ಮುರಿಯುತ್ತದೆ. ಪಕ್ಕಕ್ಕೆ ಬಿದ್ದರೆ ಸೊಂಟದ ಬಳಿಯ ತೊಡೆಯೆಲುಬು ಮುರಿಯುತ್ತದೆ. ವೈದ್ಯರು ಇದನ್ನು ಆಸ್ಟಿಯೊಪೊರೋಸಿಸ್, ಅಂದರೆ ಎಲುಬು ಟೊಳ್ಳಾಗುವ ರೋಗ ಎನ್ನುತ್ತಾರೆ. ಎಲುಬು ಮುರಿಯುವವರೆಗೆ ಈ ರೋಗ ಬಾಯಿಬಿಡುವುದಿಲ್ಲ. ಇದೇ ಇದರ ಕೇಡು.

ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ಪ್ರತಿಷ್ಠಿತವಾದ ಗೊಮ್ಮಟೇಶ್ವರನ ಏಕಶಿಲಾವಿಗ್ರಹವು ಸುಮಾರು 42 ಅಡಿಗಳ ಎತ್ತರದಲ್ಲಿ ಮಳೆಗಾಳಿಗಳನ್ನು ಸಹಿಸಿ ಇಂದಿಗೂ ನಿಂತಿದೆ. ಎಲುಬನ್ನೂ ಇಂಥದೇ ಒಂದು ಕಲ್ಲೆಂದು ನಾವು ಎಣಿಸುತ್ತೇವೆ. ಅದು ಹಾಗಲ್ಲ. ಎಲುಬು ಸಜೀವ ವಸ್ತು. ಅದರ ಹಳೆಯ ಅಂಶ ಕರಗುತ್ತಲೂ ಹೊಸ ಅಂಶ ಕಟ್ಟುತ್ತಲೂ ಇರುತ್ತದೆ. ಹರೆಯದಲ್ಲಿ ಕಟ್ಟುವುದು ಹೆಚ್ಚು, ಮುಪ್ಪಿನಲ್ಲಿ ಕರಗುವುದು ಹೆಚ್ಚು. ಸ್ತ್ರೀಯರಲ್ಲಿ ಮುಟ್ಟು ನಿಂತ ತರುವಾಯದ ಕೆಲವು ವರ್ಷ ಈ ಕ್ಷಯವು ಶೀಘ್ರವಾಗಿರುತ್ತದೆ. ಗಂಡಸರನ್ನೂ ಇದು ಬಿಡದು. ಬಹುಕಾಲ ಸೇವಿಸಿದ ಸ್ಟೀರಾಯ್ಡ್ ಔಷಧಗಳು, ತಂಬಾಕು, ಮದ್ಯ ಇವೂ ಕಾರಣಗಳಾಗುತ್ತವೆ.

ಬಸವಣ್ಣನವರು ತಮ್ಮ ದೇಹವನ್ನೇ ಶಿವನಿಗೆ ಆಲಯವೆಂದು ಭಾವಿಸಿ, ಕಾಲುಗಳನ್ನು ಅದರ ಕಂಬಗಳಾಗಿ ಕಂಡ ವಚನವು ನಿಮಗೆಲ್ಲ ತಿಳಿದುದೇ. ಊರ ಗುಡಿಯ ಕಂಬ ಸಡಿಲವಾದರೆ ಜೀರ್ಣೋದ್ಧಾರಕ್ಕೆಂದು ಮನೆಮನೆಗೆ ಹೋಗಿ ಹಣ ಕೂಡಿಸುತ್ತೇವೆ. ನಮ್ಮನ್ನು ಹೊತ್ತು ಹೆತ್ತ ಆಲಯದ ಕಂಬ ಸಡಿಲವಾದಾಗ ನೋಡಿಯೂ ನೋಡದಂತಿರುವುದು ಯಾವ ಭಕ್ತಿ?

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಮುಪ್ಪು ಕರ್ಮಫಲವಲ್ಲವೆ, ತಡೆಯಲು ನಾವಾರು? ಸಮಾಧಾನವಿಷ್ಟೆ: ಮುಪ್ಪನ್ನು ತಡೆಯಲಾಗದು, ಬೀಳುವುದನ್ನು ತಡೆಯಬಹುದು. ಮಣಿಪಾಲದಲ್ಲಿ 1953ರಲ್ಲಿ ಡಾ. ಟಿ. ಎಂ. ಎ. ಪೈ ಅವರು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದಂದಿನಿಂದ ಈ ಕರಾವಳಿಯವರಿಗೆ ವೈದ್ಯವಿದ್ಯೆ ಬಾಗಿಲಲ್ಲೇ ಇದೆ. ಎಲುಬಿನ ಸಾಂದ್ರತೆಯನ್ನು ಅಳೆಯುವ ಡೆಕ್ಸಾ ಎಂಬ ನೋವಿಲ್ಲದ ಪರೀಕ್ಷೆ ಉಂಟು. ಎತ್ತರ ಕುಗ್ಗಿದ, ಸಣ್ಣ ಪೆಟ್ಟಿಗೆ ಒಮ್ಮೆ ಎಲುಬು ಮುರಿದ ಹಿರಿಯರನ್ನು ವೈದ್ಯರಲ್ಲಿಗೆ ಕರೆದೊಯ್ಯದೆ ಕರ್ಮವೆಂದು ಕೈಕಟ್ಟಿ ಕೂರುವುದು ಶರಣಮಾರ್ಗವಲ್ಲ.

ಇನ್ನು ಕೆಲವು ಮನೆಗಳಲ್ಲಿ ಎದುರು ದಿಕ್ಕಿನ ತಪ್ಪು ನಡೆಯುತ್ತದೆ. ‘ಅವ್ವ, ನೀನು ಏಳಬೇಡ, ಬಿದ್ದೀಯೆ’ ಎಂದು ಮಂಚಕ್ಕೆ ಕಟ್ಟಿಹಾಕಿದಂತೆ ಮಾಡುತ್ತಾರೆ. ಆಡದ ಅಂಗದ ಎಲುಬು ಇನ್ನಷ್ಟು ಸೊರಗುತ್ತದೆ. ಸ್ಥಾವರಕ್ಕಿಂತ ಜಂಗಮವೇ ಮಿಗಿಲೆಂದು ನಂಬಿದ ನಾವು ಜಂಗಮಳಾದ ತಾಯಿಯನ್ನು ಸ್ಥಾವರ ಮಾಡಬಹುದೆ? ವೈದ್ಯರನ್ನು ಕೇಳಿ, ಕೋಲನ್ನೊ ತೋಳನ್ನೊ ಆಸರೆ ಕೊಟ್ಟು, ದಿನವೂ ಎಳೆಬಿಸಿಲಿನಲ್ಲಿ ಸ್ವಲ್ಪ ನಡೆಸತಕ್ಕದ್ದು. ಬೆನ್ನನ್ನು ಬಲವಾಗಿ ತಿಕ್ಕುವುದು, ತುಳಿಸುವುದು, ರಟ್ಟೆ ಹಿಡಿದು ಎಳೆದೆಬ್ಬಿಸುವುದು ಕೂಡದು.

ಪೂಜೆಯ ವಿಷಯದಲ್ಲಿ ವಿಶೇಷವಾಗಿ ಹೇಳಬೇಕಾದುದಿದೆ. ಈ ರೋಗಕ್ಕೆ ವಾರಕ್ಕೊಮ್ಮೆ ನುಂಗುವ ಮಾತ್ರೆಯೊಂದನ್ನು ವೈದ್ಯರು ಕೊಡುವುದುಂಟು. ಅದನ್ನು ಬರಿಹೊಟ್ಟೆಯಲ್ಲಿ, ತುಂಬು ಲೋಟ ಬರಿಯ ನೀರಿನೊಡನೆ ಸೇವಿಸಿ, ಅರ್ಧ ಗಂಟೆ ಮಲಗದೆ ನೆಟ್ಟಗಿರಬೇಕು. ಅಷ್ಟು ಹೊತ್ತು ಬೇರೇನನ್ನೂ ತಿನ್ನಬಾರದು, ಕುಡಿಯಬಾರದು. ಲಿಂಗಪೂಜೆಗೆ ಮೊದಲು ಗುಟುಕು ನೀರನ್ನೂ ಒಲ್ಲದ ತಾಯಿ ಮಾತ್ರೆಯನ್ನೇ ಬಿಡುತ್ತಾಳೆ. ಮನೆಯವರು ಆಕೆಯನ್ನು ಹಟಮಾರಿ ಎನ್ನುತ್ತಾರೆ. ಎರಡಕ್ಕೂ ವಿರೋಧವೆಲ್ಲಿದೆ? ಆ ದಿನ ಪೂಜೆ ಬೇಗ ಮುಗಿಯಲಿ, ತರುವಾಯ ಮಾತ್ರೆ, ಅರ್ಧ ಗಂಟೆಯ ಮೇಲೆ ಪ್ರಸಾದ. ಸೊಸೆಯು ಅರ್ಧ ಗಂಟೆ ಮುಂಚೆ ನೀರು ಕಾಯಿಸಿದರೆ ವ್ರತವೂ ಉಳಿಯಿತು, ಔಷಧವೂ ನಡೆಯಿತು.

ನೆಲದ ಮೇಲೆ ಕೂರಲಾಗದ, ಮುಂದಕ್ಕೆ ಬಗ್ಗಬಾರದ ಹಿರಿಯರು ಕುರ್ಚಿಯಲ್ಲಿ ಕುಳಿತು ಪೂಜಿಸಲಿ. ಇಷ್ಟಲಿಂಗವನ್ನು ಕರಸ್ಥಲಕ್ಕೆ ಅನುಗ್ರಹಿಸಿದುದರ ಮಹಿಮೆಯೇ ಇದು: ಮೆಟ್ಟಿಲು ಹತ್ತಲಾಗದವರಲ್ಲಿಗೆ ದೇವನೇ ಬಂದಿದ್ದಾನೆ. ಎಡಗೈಯ ಮಣಿಕಟ್ಟು ಮುರಿದು ಕರಪೀಠ ನಡುಗುತ್ತಿದ್ದರೆ, ಮಗನು ತನ್ನ ಅಂಗೈಯನ್ನು ತಾಯಿಯ ಕೈಯಡಿಗೆ ಹಿಡಿಯಲಿ. ಪೀಠಕ್ಕೆ ಪೀಠವಾಗುವ ಆ ಗಳಿಗೆಗಿಂತ ಮಿಗಿಲಾದ ಭೃತ್ಯಾಚಾರವುಂಟೆ?

ಉಳಿದುವು ಮನೆಯ ಕೆಲಸಗಳು. ಅಂಗಳದ ಪಾಚಿಯನ್ನು ಉಜ್ಜಬೇಕು. ಬಚ್ಚಲಲ್ಲಿ ಹಿಡಿಕೆ, ರಾತ್ರಿ ದೀಪ ಇರಬೇಕು. ತುಂಬಿದ ಕೊಡವನ್ನು ಆಕೆ ಎತ್ತಕೂಡದು. ಮುಟ್ಟು ನಿಂತ ಸ್ತ್ರೀಗೆ ದಿನಕ್ಕೆ 1200 ಮಿಲಿಗ್ರಾಂ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಸೂಚಿಸಿದೆ. ಕರಾವಳಿಯ ಕುಚ್ಚಲಕ್ಕಿ ಗಂಜಿಯಲ್ಲಿ ಅದು ಅತ್ಯಲ್ಪ. ನಾವು ಬಿಟ್ಟುಬಂದ ರಾಗಿಯ 100 ಗ್ರಾಮಿನಲ್ಲಿ 300 ಮಿಲಿಗ್ರಾಮಿಗೂ ಮಿಕ್ಕಿ ಇದೆ. ಹಾಲು, ಮೊಸರು, ಎಳ್ಳು, ನುಗ್ಗೆಸೊಪ್ಪುಗಳೂ ಎಲೆಯ ಮೇಲಿರಲಿ.

ಕಡೆಯದಾಗಿ ಒಂದು ಮಾತು. ಇಷ್ಟೆಲ್ಲವೂ ಒಬ್ಬ ಸೊಸೆಯ ಹೆಗಲ ಮೇಲೆ ಬೀಳುವುದೇ ನಮ್ಮ ಮನೆಗಳ ರೂಢಿಯಾಗಿದೆ. ದಾಸೋಹವು ತನು, ಮನ, ಧನಗಳೆಂದು ತ್ರಿವಿಧ. ದೂರದಲ್ಲಿರುವ ಮಗನು ಧನವನ್ನು ಕಳುಹಿಸಿ ಋಣ ತೀರಿತೆಂದರೆ ಅದು ಮೂರರಲ್ಲಿ ಒಂದು ಮಾತ್ರ. ರಜೆಯಲ್ಲಿ ಬಂದಾಗಲಾದರೂ ಬಚ್ಚಲಿಗೆ ಕೈಹಿಡಿದು ನಡೆಸಲಿ, ಅದು ತನು; ಹೇಳಿದ್ದನ್ನೇ ಹೇಳುವ ತಾಯಿಯ ಮಾತನ್ನು ಬೇಸರಿಸದೆ ಕೇಳಲಿ, ಅದು ಮನ. ಸೇವೆ ಮಾಡುವವಳ ಬೆನ್ನೂ ಎಲುಬಿನದೇ ಎಂಬುದನ್ನು ಮರೆಯಬಾರದು.

ಮಠದಲ್ಲಿ ಜಂಗಮಕ್ಕೆ ಬಾಗುವ ನಮ್ಮ ಬೆನ್ನು, ಮನೆಯಲ್ಲಿ ಬಾಗಿದ ಬೆನ್ನಿನ ಮುಂದೆಯೂ ಬಾಗಲಿ. ಅಂಥ ಬುದ್ಧಿಯನ್ನೂ ಬಲವನ್ನೂ ಶಿವನು ಎಲ್ಲರಿಗೂ ಕರುಣಿಸಲಿ.