ನೆಟ್ಟವರ ಹಕ್ಕು

ಗಿಡ ನೆಟ್ಟವರು ಒಬ್ಬರು, ನೆಲದ ಒಡೆಯರು ಇನ್ನೊಬ್ಬರು ಎಂದಾದಾಗ ಗಿಡ ಯಾರದು? ಮೇಲುನೋಟಕ್ಕೆ ಇದು ವಕೀಲರ ಪ್ರಶ್ನೆಯಂತೆ ಕಾಣುತ್ತದೆ. ನಾನೂ ಬಹುಕಾಲ ಹಾಗೆಯೆ ತಿಳಿದಿದ್ದೆ. ಆದರೆ ಕಾಯಿದೆಯ ಪುಸ್ತಕದಲ್ಲಿ ಉತ್ತರ ಸಿಕ್ಕಿದ ಮೇಲೂ ಮನಸ್ಸಿಗೆ ಚುಚ್ಚಿದ ಮುಳ್ಳು ಹೊರಬರಲಿಲ್ಲ. ಅದು ಯಾವ ಮುಳ್ಳೆಂಬುದನ್ನು ನನಗೆ ತೋರಿಸಿಕೊಟ್ಟದ್ದು ಪಿಯೊನಿ ಎಂಬ ಹೂವಿನ ಗಿಡ, ಅದೂ ಪರದೇಶದಲ್ಲಿ.

ನನ್ನ ತಮ್ಮ ಅಮೆರಿಕದ ಮಿಶಿಗನ್ ಪ್ರಾಂತದ ಆನ್ ಆರ್ಬರ್ ಎಂಬ ಊರಿನಲ್ಲಿದ್ದಾನೆ. ಹೋದ ವರ್ಷ ರಜೆಯಲ್ಲಿ ಅವನ ಮನೆಗೆ ಹೋಗಿದ್ದೆ. ಅವನು ಆಗಷ್ಟೆ ಕೊಂಡಿದ್ದ ಹಳೆಯ ಮನೆ ಅದು. ಹಿತ್ತಲಿನ ಬೇಲಿಯುದ್ದಕ್ಕೂ ಎರಡೂವರೆ ಮೂರು ಅಡಿ ಎತ್ತರದ ಪೊದೆಗಳು. ಜೂನ್ ಮೊದಲ ವಾರದಲ್ಲಿ ಅವು ಅರಳಿದಾಗ ನಾನು ಕಾಫಿಯ ಲೋಟವನ್ನು ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟೆ. ಅಂಗೈಗಿಂತ ಅಗಲವಾದ ಹೂ. ಎಸಳಿನೊಳಗೆ ಎಸಳು, ಅದರೊಳಗೆ ಮತ್ತೊಂದು. ಬಿಳುಪಿನಿಂದ ಹಿಡಿದು ಕಡುಗೆಂಪಿನವರೆಗೆ ಬಣ್ಣ. ಒಂದು ಮಳೆ ಬಿದ್ದರೆ ಸಾಕು, ತನ್ನ ಭಾರವನ್ನು ತಾನೇ ಹೊರಲಾರದೆ ತಲೆಯನ್ನು ನೆಲಕ್ಕೆ ಹಾಕುತ್ತದೆ. ಬಿರಿಯದ ಮೊಗ್ಗಿನ ಮೇಲೆ ಸಿಹಿರಸ ಒಸರುವುದರಿಂದ ಇರುವೆಗಳು ಮುತ್ತಿಕೊಂಡಿರುತ್ತವೆ. ಇರುವೆ ಹತ್ತದಿದ್ದರೆ ಹೂ ಅರಳದೆಂದು ಅಲ್ಲಿಯ ಹಲವರು ನಂಬುತ್ತಾರಂತೆ. ಅದು ನಿಜವಲ್ಲ, ಇರುವೆ ತನ್ನ ಊಟಕ್ಕೆ ಬರುತ್ತದೆ, ಹೂ ತನ್ನ ಪಾಡಿಗೆ ಅರಳುತ್ತದೆ.

ಈ ಗಿಡದ ಆಯುಸ್ಸು ದೊಡ್ಡದು. ಚಳಿಗಾಲದಲ್ಲಿ ಮೇಲಿನ ಕಡ್ಡಿಗಳೆಲ್ಲ ಸತ್ತು, ದಪ್ಪ ಬೇರುಗಳು ಹಿಮದ ಕೆಳಗೆ ಮಲಗಿರುತ್ತವೆ. ವಸಂತದಲ್ಲಿ ಕೆಂಪು ಚಿಗುರು ಮತ್ತೆ ನೆಲವನ್ನು ಸೀಳಿಕೊಂಡು ಬರುತ್ತದೆ. ಆ ಚಳಿಯಿಲ್ಲದಿದ್ದರೆ ಹೂವೂ ಇಲ್ಲ. ಆದ್ದರಿಂದಲೆ ನಮ್ಮ ಬಯಲುಸೀಮೆಗೆ ಅದು ಬರಲೊಲ್ಲದು. ಅದೇ ಊರಿನ ವಿಶ್ವವಿದ್ಯಾನಿಲಯದ ಸಸ್ಯೋದ್ಯಾನದಲ್ಲಿ, ಡಾಕ್ಟರ್ ಅಪ್‌ಜಾನ್ ಎಂಬವರು 1922ರಲ್ಲಿ ಕೊಟ್ಟ ಗಿಡಗಳಿಂದ ಬೆಳೆದುಬಂದ ಪಿಯೊನಿ ತೋಟವೊಂದು ಇಂದಿಗೂ ಇದೆ. ನೆಟ್ಟವರು ಹೋದ ಮೇಲೂ ಉಳಿಯುವ ಗಿಡ. ಆದ್ದರಿಂದ 'ಯಾರದು' ಎಂಬ ಪ್ರಶ್ನೆ ಅದನ್ನು ಸುಲಭವಾಗಿ ಬಿಡುವುದಿಲ್ಲ.

ಒಂದು ಸಂಜೆ ಆ ಮನೆಯನ್ನು ಮಾರಿದ ವೃದ್ಧೆ ಬಂದರು. ಬೇಲಿಯ ಮೂಲೆಯಲ್ಲಿದ್ದ ಬಿಳಿಯ ಪಿಯೊನಿಯನ್ನು ಅವರ ತಾಯಿ ನೆಟ್ಟಿದ್ದರಂತೆ. ಅದರಿಂದ ಒಂದು ತುಂಡು ಬೇರು ಬೇಕೆಂದು, ಸಾಲ ಕೇಳುವವರ ಸಂಕೋಚದಿಂದ ಕೇಳಿದರು. ನೆಲದೊಡನೆ ಗಿಡವೂ ಮಾರಾಟವಾಯಿತು ಎಂಬುದು ಅಲ್ಲಿಯ ವ್ಯವಹಾರಧರ್ಮ. ಅದು ಅವರಿಗೂ ತಿಳಿದಿತ್ತು. ನನ್ನ ತಮ್ಮ ಉದಾರಿ. ಗುದ್ದಲಿ ತರಲು ಆಗಲೆ ಎದ್ದ. ಆಕೆ ನಕ್ಕು, "ಈಗ ಬೇಡ, ಸೆಪ್ಟೆಂಬರಿನಲ್ಲಿ ಬರುತ್ತೇನೆ" ಎಂದರು. ಹೂವನ್ನು ಒಮ್ಮೆ ಮೂಸಿ, ಬರಿಗೈಯಲ್ಲಿ ಹೊರಟುಹೋದರು.

ಆ ಮಾತು ನನಗೆ ಬೇರೊಬ್ಬ ಅಜ್ಜಿಯನ್ನು ನೆನಪಿಗೆ ತಂದಿತು.

ನೌಕರಿಯ ಮೊದಲ ವರ್ಷಗಳಲ್ಲಿ ನಾನು ಒಂದು ಸಣ್ಣ ಊರಿನಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಅಂಗಳದಲ್ಲಿ ಒಂದು ದುಂಡುಮಲ್ಲಿಗೆಯ ಗಿಡ ಹಾಕಿದೆ. ನಾಲ್ಕು ವರ್ಷದಲ್ಲಿ ಅದು ಪೊದೆಯಾಯಿತು. ಮನೆಯ ಯಜಮಾನರ ವೃದ್ಧ ತಾಯಿ ಸಂಜೆ ಸಂಜೆ ಬಂದು ಮೊಗ್ಗು ಬಿಡಿಸಿ, ದೇವರಿಗಿಷ್ಟು, ನಮ್ಮ ಮನೆಯವಳಿಗಿಷ್ಟು ಎಂದು ಮಾಲೆ ಕಟ್ಟುತ್ತಿದ್ದರು. ನನಗೆ ವರ್ಗವಾದದ್ದು ಮೇ ತಿಂಗಳಲ್ಲಿ. ಯಜಮಾನರು ಸುಣ್ಣಬಣ್ಣದ ಲೆಕ್ಕ ಹೇಳಿ ಮುಂಗಡದ ಹಣದಲ್ಲಿ ಅರ್ಧ ಹಿಡಿದುಕೊಂಡರು. ನನಗೆ ರೇಗಿತು. ನಾನು ನೆಟ್ಟ ಗಿಡ ಇವರಿಗೇಕೆ ಇರಬೇಕು ಎಂದು ಹಾರೆ ತೆಗೆದುಕೊಂಡೆ.

ಅಜ್ಜಿ ಬಾವಿಕಟ್ಟೆಯ ಬಳಿ ನಿಂತಿದ್ದರು. "ಹೂ ಬಿಟ್ಟಿರೋ ಗಿಡ ಕೀಳಬಾರದಪ್ಪಾ ಮೇಷ್ಟ್ರೇ. ಒಂದು ಕವಲು ಬಗ್ಗಿಸಿ ಮಣ್ಣು ಮುಚ್ಚಿದೀನಿ, ಮಳೆ ಹಿಡಿದು ಬೇರು ಬಿಡಲಿ, ಬಂದು ತಗೊಂಡು ಹೋಗಿ" ಎಂದರು. ತಮ್ಮ ದೇವರ ಹೂವಿಗಾಗಿ ಆಡುವ ಉಪಾಯದ ಮಾತು ಎಂದು ನಾನು ಬಗೆದೆ. ಗಿಡವನ್ನು ಎಣ್ಣೆಡಬ್ಬದಲ್ಲಿಟ್ಟು ಲಾರಿಗೆ ಏರಿಸಿದೆ. ಹೊಸ ಊರು ಸೇರುವಷ್ಟರಲ್ಲಿ ಎಲೆ ಮುದುಡಿತ್ತು. ಎಂಟನೆಯ ದಿನಕ್ಕೆ ಕಡ್ಡಿಯಾಯಿತು.

ಆಮೇಲೆ ಒಮ್ಮೆ, ನನ್ನ ಸಮಾಧಾನಕ್ಕಾಗಿಯೆ ಇರಬೇಕು, ವಕೀಲ ಮಿತ್ರರೊಬ್ಬರನ್ನು ಕೇಳಿದೆ. ಅವರು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಪ್ರಕರಣವನ್ನು ತೆಗೆದು ತೋರಿಸಿದರು. ಬೇರೆ ಕರಾರಿಲ್ಲದಿದ್ದರೆ, ಬಾಡಿಗೆದಾರನು ತಾನು ಭೂಮಿಗೆ ಕೂಡಿಸಿದ್ದನ್ನು, ಸ್ವತ್ತು ತನ್ನ ಸ್ವಾಧೀನದಲ್ಲಿರುವಾಗಲೆ ತೆಗೆದುಕೊಂಡು ಹೋಗಬಹುದು. ಸ್ವತ್ತನ್ನು ಮಾತ್ರ ಮೊದಲಿದ್ದಂತೆಯೆ ಬಿಟ್ಟುಹೋಗಬೇಕು. ಭೂಮಿಗೆ ಕೂಡಿದ್ದು ಎಂಬುದರಲ್ಲಿ ಬೇರೂರಿದ ಗಿಡಮರಗಳೂ ಸೇರುತ್ತವೆ. ಅಂದರೆ ಕಾಯಿದೆ ನನ್ನ ಕಡೆಗಿತ್ತು. ಗಿಡ ನನ್ನದಾಗಿತ್ತು. ನಾನು ಗುಂಡಿಯನ್ನೂ ಮುಚ್ಚಿ ಬಂದಿದ್ದೆ! ಹಾಗಿದ್ದರೂ ಅಜ್ಜಿಯ ಮುಖ ನೆನಪಾದಾಗಲೆಲ್ಲ ಕಳ್ಳತನ ಮಾಡಿದವನ ಹಾಗೆ ಆಗುತ್ತಿತ್ತು. ಸ್ವಂತದ ವಸ್ತುವನ್ನು ಕದಿಯುವುದು ಹೇಗೆ ಸಾಧ್ಯ?

ಉತ್ತರ ಅಕ್ಟೋಬರಿನಲ್ಲಿ ಬಂದಿತು. ತಮ್ಮನ ಹೆಂಡತಿ ದೂರವಾಣಿಯಲ್ಲಿ ಎಲ್ಲವನ್ನೂ ವಿವರಿಸಿದಳು. ಆ ವೃದ್ಧೆ ಹೇಳಿದಂತೆಯೆ ಸೆಪ್ಟೆಂಬರಿನ ಕೊನೆಗೆ ಬಂದರಂತೆ. ಎಲೆಗಳು ಹಳದಿಗೆ ತಿರುಗಿದ್ದವು. ಕಡ್ಡಿಗಳನ್ನು ಕತ್ತರಿಸಿ, ಸುತ್ತ ದೂರದಿಂದ ಅಗೆದು, ಇಡೀ ಗೆಡ್ಡೆಯನ್ನು ಎತ್ತಿ ತೊಳೆದರು. ಬೇರಿನ ನೆತ್ತಿಯ ಮೇಲೆ ಮುಂದಿನ ವರ್ಷದ ಚಿಗುರು ನಸುಗೆಂಪು ಕಣ್ಣುಗಳಾಗಿ ಕುಳಿತಿತ್ತು. ಮೂರರಿಂದ ಐದು ಕಣ್ಣು ಬರುವಂತೆ ಚೂರಿಯಿಂದ ಹೋಳು ಮಾಡಿ, ಒಂದನ್ನು ತಾವು ಇಟ್ಟುಕೊಂಡು, ಉಳಿದವನ್ನು ಬಿಸಿಲು ಬೀಳುವಲ್ಲಿ ತಮ್ಮ ಕೈಯಿಂದಲೆ ನೆಟ್ಟುಕೊಟ್ಟರು. ಕಣ್ಣಿನ ಮೇಲೆ ಒಂದೆರಡು ಅಂಗುಲದಷ್ಟೆ ಮಣ್ಣು. ಪ್ರೀತಿ ಹೆಚ್ಚಾಗಿ ಆಳಕ್ಕೆ ಹೂತರೆ ಎಲೆ ಬರುತ್ತದೆ, ಹೂ ಬರುವುದಿಲ್ಲ. ಹೀಗೆಲ್ಲ ಮಾಡಿದರೂ ಮುಂದಿನ ಬೇಸಗೆಯಲ್ಲಿ ಹೂವಿನ ಆಸೆಯಿಲ್ಲ; ಎರಡನೆಯ ವರ್ಷ ಒಂದೆರಡು; ಮೂರನೆಯ ವರ್ಷಕ್ಕೆ ಗಿಡ ತನ್ನ ನೆಲೆಯನ್ನು ಕಂಡುಕೊಳ್ಳುತ್ತದೆ.

ಇದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಂಗತಿಗಳು ಎರಡು. ಹೂ ಕಣ್ಣಮುಂದೆ ಇರುವಾಗಲೆ ನಮಗೆ ಗಿಡ ಬೇಕೆನ್ನಿಸುತ್ತದೆ; ಕೀಳುವುದಕ್ಕೆ ಅದರಷ್ಟು ಕೆಟ್ಟ ಕಾಲ ಬೇರೆ ಇಲ್ಲ. ಗಿಡವನ್ನು ಸಾಗಿಸಬೇಕಾದರೆ ಅದು ಏನನ್ನೂ ಕೊಡದೆ ಮಲಗಿರುವ ಕಾಲದವರೆಗೆ ಕಾಯಬೇಕು. ಅಲ್ಲಿಯವರೆಗೂ ನಮ್ಮ ಬಯಕೆ ಉಳಿದರೆ ಅದಕ್ಕೆ ಬೆಲೆ. ಎರಡನೆಯದು, ಕೊಟ್ಟವರಿಗೂ ನಷ್ಟವಿದೆ. ಕಡಿದ ಮೇಲೆ ಹೋದ ಹೋಳು ಹೇಗೊ ಉಳಿದ ಹೋಳೂ ಹಾಗೆಯೆ ಸೊರಗುತ್ತದೆ. ಕೊಂಡವರು, ಮಾರಿದವರು ಇಬ್ಬರೂ ಹೂವಿಲ್ಲದ ವರ್ಷವನ್ನು ಪಾಲು ಹಂಚಿಕೊಳ್ಳಬೇಕು.

ಅಜ್ಜಿ ನನ್ನ ಮುಂದೆ ಇಟ್ಟದ್ದೂ ಇದೇ ನ್ಯಾಯವನ್ನು. ಒಂದು ಕವಲು ನಿನಗೆ, ತಾಯಿಗಿಡ ಇಲ್ಲಿಗೆ, ನಡುವೆ ಒಂದು ಮಳೆಗಾಲದ ಕಾಯುವಿಕೆ. ನನಗೆ ಬೇಕಾಗಿದ್ದುದು ಮಲ್ಲಿಗೆಯಾಗಿದ್ದರೆ ನಾನು ಒಪ್ಪುತ್ತಿದ್ದೆ. ನನಗೆ ಬೇಕಾಗಿದ್ದುದು ಅವರಿಗೆ ಇಲ್ಲದಂತಾಗುವುದು. ಹಕ್ಕು ಎಂಬ ಮಾತಿನ ಮರೆಯಲ್ಲಿ ಇಂಥ ಆಸೆ ಎಷ್ಟು ಸುಲಭವಾಗಿ ಅಡಗಿ ಕೂರುತ್ತದೆ! ನಾನು ಕದ್ದದ್ದು ಗಿಡವನ್ನಲ್ಲ. ಆ ಮುದಿ ಕೈಗಳ ನಾಲ್ಕು ವರ್ಷದ ಸಂಜೆಯ ಕೆಲಸವನ್ನು. ಅದಕ್ಕೆ ಕಾಯಿದೆಯಲ್ಲಿ ಪ್ರಕರಣವಿಲ್ಲ.

ವರ್ಷ ವರ್ಷವೂ ತರಗತಿಯಲ್ಲಿ ಶಾಕುಂತಲದ ಕಥೆಯನ್ನು ಹೇಳುವವನು ನಾನು. ಗಂಡನ ಮನೆಗೆ ಹೊರಟ ಶಕುಂತಲೆ ತಾನೇ ನೀರೆರೆದು ಬೆಳೆಸಿದ ವನಜ್ಯೋತ್ಸ್ನೆ ಎಂಬ ಬಳ್ಳಿಯನ್ನು ತಬ್ಬಿ ಬೀಳ್ಕೊಳ್ಳುತ್ತಾಳೆ. ಸಖಿಯರ ಕೈಗೆ ಅದನ್ನು ಒಪ್ಪಿಸುತ್ತಾಳೆ. ಕೀಳುವ ಯೋಚನೆ ಅವಳಿಗೆ ಬರುವುದೇ ಇಲ್ಲ. ಅದೂ ಮಲ್ಲಿಗೆಯ ಜಾತಿಯ ಬಳ್ಳಿಯೆ. ಇಷ್ಟು ವರ್ಷ ಆ ಭಾಗವನ್ನು ಗದ್ಗದನಾಗಿ ಪಾಠ ಮಾಡಿದ್ದೇನೆ. ನೆಟ್ಟವರಿಗೆ ಇರುವ ಹಕ್ಕುಗಳಲ್ಲಿ ಒಳ್ಳೆಯವರ ಕೈಗೆ ಒಪ್ಪಿಸಿ ಹೋಗುವುದೂ ಒಂದು ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ.

ಬಾವಿಕಟ್ಟೆಯ ಅಜ್ಜಿ ಈಗಿಲ್ಲ. ಅವರು ಮಣ್ಣು ಮುಚ್ಚಿದ್ದ ಆ ಕವಲನ್ನೂ ನಾನು ಬುಡದೊಡನೆಯೆ ಕಿತ್ತಿದ್ದೆನಾದ್ದರಿಂದ, ಕೇಳಲು ಹೋಗುವುದಕ್ಕೂ ಅಲ್ಲಿ ಏನೂ ಉಳಿದಿಲ್ಲ.

ಈ ಜೂನ್ ತಿಂಗಳಲ್ಲಿ ತಮ್ಮನ ಮನೆಗೆ ದೂರವಾಣಿ ಮಾಡಿದಾಗ ಬಿಳಿಯ ಪಿಯೊನಿಯ ಸಮಾಚಾರ ಕೇಳಿದೆ. "ಇಲ್ಲ ಭಾವ, ಈ ಸಲ ನಮ್ಮಲ್ಲೂ ಹೂವಿಲ್ಲ, ಅವರಲ್ಲೂ ಇಲ್ಲ. ಎಲೆ ಮಾತ್ರ ಚೆನ್ನಾಗಿದೆ ಅಂತ ಆ ಅಜ್ಜಿ ಹೇಳಿದರು" ಎಂದಳು ತಮ್ಮನ ಹೆಂಡತಿ. ಅವಳ ದನಿಯಲ್ಲಿ ದುಃಖವೇನೂ ಇರಲಿಲ್ಲ.